ಅರವತ್ತೊಂದನೆಯ ಓಲೆ

ಆ ಬುಧವಾರ ಆಶ್ರಮದಲ್ಲಿ ಎಲ್ಲವೂ ದಿನದಂತೆಯೇ ನಡೆದಿತ್ತು. ಬೆಳಗ್ಗೆ ನದಿಯಿಂದ ನೀರು ಬಂತು. ಅಂಗಳ ಗುಡಿಸಿದ್ದಾಯಿತು. ಮಧ್ಯಾಹ್ನಕ್ಕೆ ನುಚ್ಚು, ಹುರುಳಿ ಸಾರು. ಊಟ ಮುಗಿಸಿ ಶಿಷ್ಯರೆಲ್ಲ ಚಾವಡಿಯಲ್ಲಿ ಚಾಪೆ ಹಾಸಿ ಆಟಕ್ಕೆ ಕುಳಿತರು.

ಗುರು ಭೃಂಗೇಶರು ಉಪದೇಶ ಮಾಡುತ್ತಿರಲಿಲ್ಲ. ಆಟ ಆಡಿಸುತ್ತಿದ್ದರು.

ಆಶ್ರಮಕ್ಕೆ ಬಂದವರು ಮೊದಲು ಒಂದು ಪಾತ್ರ ಕಟ್ಟಬೇಕು. ಕೈಗೆ ಮೂವತ್ತು ಗುಲಗಂಜಿ ಸಿಗುತ್ತದೆ. ಅದನ್ನು ಬಲ, ಚುರುಕು, ಬುದ್ಧಿ, ಮಾತು, ತಾಳ್ಮೆ, ಧೈರ್ಯ ಎಂದು ಆರು ಗುಡ್ಡೆ ಮಾಡಬೇಕು. ಯಾವುದಕ್ಕೆ ಎಷ್ಟು ಎನ್ನುವುದು ಅವರವರ ಇಷ್ಟ. ಅದನ್ನು ಓಲೆಯಲ್ಲಿ ಬರೆದು ಹೆಸರಿಟ್ಟರೆ ಪಾತ್ರ ಸಿದ್ಧ.

ಆಮೇಲೆ ಗುರುಗಳು ಕಥೆ ಹೇಳುತ್ತಾರೆ. ಇಗೋ ಕಾಡು, ಇಗೋ ರಾಕ್ಷಸಿ, ಈಗ ಏನು ಮಾಡುತ್ತೀರಿ? ತಮ್ಮ ಪಾತ್ರ ಏನು ಮಾಡುತ್ತದೆಂದು ಆಡುವವರು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಕವಡೆ ಬಿಡಬೇಕು.

ಇದಕ್ಕೆಲ್ಲ ನಿಯಮಗಳಿದ್ದವು. ಎಪ್ಪತ್ತೆರಡು ಓಲೆ, ಎಲ್ಲವನ್ನೂ ಆಶ್ರಮ ಕಟ್ಟಿದ ಮೂಲಗುರುಗಳೇ ಬರೆದದ್ದೆಂದು ನಂಬಿಕೆ. ಮುಂಬದಿಯಲ್ಲಿ ನಿಯಮ, ಹಿಂಬದಿಯಲ್ಲಿ ಅದರ ವಿವರ. ಪ್ರತಿ ಅಮಾವಾಸ್ಯೆಯಂದು ಎಲ್ಲರೂ ಕೂಡಿ ಮುಂಬದಿಯನ್ನು ಹೇಳುತ್ತಿದ್ದರು. ಹಿಂಬದಿಯನ್ನು ಬೇಕಾದವರು ಬೇಕಾದಾಗ ನೋಡಿಕೊಳ್ಳುತ್ತಿದ್ದರು.

ಮುಂಬದಿಯೆಲ್ಲ ಬಾಯಿಗೆ ಬರುತ್ತಿದ್ದದ್ದು ವಿರೂಪಾಕ್ಷನಿಗೆ ಒಬ್ಬನಿಗೇ.

ಅವನು ಕಟ್ಟಿದ ಪಾತ್ರದ ಹೆಸರು ವಜ್ರಬಾಹು. ಬಲ ಹತ್ತು, ಧೈರ್ಯ ಹತ್ತು. ಮಾತು ಸೊನ್ನೆ.

"ಮೂಕನನ್ನು ಯಾಕೆ ಕಟ್ಟಿದೆ?" ಎಂದು ಗುರುಗಳು ಆಗ ಕೇಳಿದ್ದರು.

"ನಲವತ್ತನೆಯ ಓಲೆ, ಗುರುಗಳೇ. ಶಾಪ ಹಾಕುವವನು ಹೆಸರು ಕೇಳಬೇಕು, ಎದುರಿನವನು ಹೆಸರು ಹೇಳಬೇಕು. ಹೇಳಿದರೆ ಮಾತ್ರ ಶಾಪ ತಟ್ಟುತ್ತದೆ. ನನ್ನವನಿಗೆ ಹೆಸರು ಹೇಳಲು ಬಾಯಿಯೇ ಇಲ್ಲ."

ಗುರುಗಳು ನಕ್ಕು ಒಪ್ಪಿದ್ದರು.

ಪಕ್ಕದಲ್ಲಿ ಕುಳಿತಿದ್ದ ಮಾದೇಶ ಮಾತ್ರ ಸುಮ್ಮನಿರಲಿಲ್ಲ. "ಶಾಪ ತಟ್ಟದು ಸರಿ ಮಾರಾಯ. ಊಟಕ್ಕೆ ಕರೆದರೆ ಓ ಅನ್ನುವುದು ಹೇಗೆ? ಇರಲಿ ಬಿಡು, ನನ್ನವನ ಬಾಯಿ ಇಬ್ಬರಿಗೂ ಆಗುತ್ತದೆ."

ಮಾದೇಶ ಕಟ್ಟಿದ್ದು ಗುಬ್ಬಿರಾಯನೆಂಬ ಕಳ್ಳನನ್ನು. ಮಾತು ಹನ್ನೆರಡು, ಬಲ ಒಂದು, ಧೈರ್ಯ ಒಂದು. ಇಷ್ಟು ಕೆಟ್ಟದಾಗಿ ಕಟ್ಟಿದ ಪಾತ್ರ ಆಶ್ರಮದಲ್ಲೇ ಇಲ್ಲ ಎಂದು ವಿರೂಪಾಕ್ಷ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ. ಎರಡು ವರ್ಷ ಆ ಕೆಟ್ಟ ಪಾತ್ರ ವಜ್ರಬಾಹುವಿನ ಬೆನ್ನ ಹಿಂದೆ ನಿಂತು ಇಬ್ಬರ ಪರವಾಗಿಯೂ ಮಾತಾಡಿತು.

ಮೂರು ತಿಂಗಳ ಹಿಂದೆ ಮಾದೇಶನಿಗೆ ಜ್ವರ ಬಂತು. ಆರನೆಯ ದಿನ ಅವನು ಇರಲಿಲ್ಲ.

ಗುಬ್ಬಿರಾಯನ ಓಲೆಯನ್ನು ವಿರೂಪಾಕ್ಷನೇ ದಾರ ಕಟ್ಟಿ ಚಾವಡಿಯ ಗೂಟಕ್ಕೆ ತೂಗುಹಾಕಿದ. ಅಂದಿನಿಂದ ಆಟದಲ್ಲಿ ವಜ್ರಬಾಹು ನಡೆಯುತ್ತಿದ್ದ, ಹೊಡೆಯುತ್ತಿದ್ದ. ಅವನ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಆ ಬುಧವಾರ ಗುರುಗಳು ಎದ್ದು ಗೂಟದಿಂದ ಆ ಓಲೆಯನ್ನು ತೆಗೆದರು. ದಾರ ಬಿಚ್ಚಿದರು. ಹೊನ್ನವ್ವನ ಕೈಗೆ ಕೊಟ್ಟರು.

ಹೊನ್ನವ್ವ ಬಂದು ನಾಲ್ಕು ದಿನವಾಗಿತ್ತು. ಕುಂಬಾರಗೇರಿಯವಳು. ಐವತ್ತು ದಾಟಿದ ಹೆಂಗಸು. ಗುಲಗಂಜಿ ಕೊಟ್ಟರೆ ಗುಡ್ಡೆ ಮಾಡದೆ ಹಿಂದಕ್ಕೆ ಕೊಟ್ಟಿದ್ದಳು. "ಈ ವಯಸ್ಸಿನಲ್ಲಿ ಹೊಸದಾಗಿ ಯಾರನ್ನು ಕಟ್ಟಲಿ ಅಯ್ಯನವರೇ? ಯಾರಾದರೂ ಇದ್ದರೆ ಕೊಡಿ, ಅವರ ಜೊತೆಗೇ ಹೊಂದಿಕೊಂಡು ಹೋಗುತ್ತೇನೆ" ಅಂದಿದ್ದಳು.

ಆಟ ಶುರುವಾಯಿತು.

"ಏಳು ಬಾಗಿಲಿನ ಪಟ್ಟಣ. ಮೊದಲ ಬಾಗಿಲಿಗೆ ಬಂದಿದ್ದೀರಿ" ಎಂದರು ಗುರುಗಳು. "ಹೊಸ್ತಿಲ ಮೇಲೆ ಒಂದು ನಾಯಿ ಮಲಗಿದೆ. ಕಾವಲುಗಾರ ಈಟಿ ಅಡ್ಡ ಹಿಡಿದು ಕೇಳುತ್ತಾನೆ: ಯಾರು ಈ ದೈತ್ಯ? ಯಾಕೆ ಬಾಯಿ ಬಿಡುವುದಿಲ್ಲ?"

ಹೊನ್ನವ್ವ ಓಲೆಯನ್ನೊಮ್ಮೆ, ವಿರೂಪಾಕ್ಷನನ್ನೊಮ್ಮೆ ನೋಡಿದಳು.

"ಅದು ನಮ್ಮನೆ ಎತ್ತು, ಸ್ವಾಮಿ. ಸಂತೆಯಲ್ಲಿ ನಾಲ್ಕು ಕಾಲಿನವು ಖಾಲಿಯಾಗಿದ್ದವು."

ಚಾವಡಿಯೆಲ್ಲ ನಕ್ಕಿತು. ವೈದ್ಯನ ಪಾತ್ರ ಆಡುವ ಪಂಪಣ್ಣನಂತೂ ತೊಡೆ ತಟ್ಟಿಕೊಂಡು ನಕ್ಕ. ಆ ಚಾವಡಿ ಮೂರು ತಿಂಗಳಿಂದ ಹಾಗೆ ನಕ್ಕಿರಲಿಲ್ಲ.

ವಿರೂಪಾಕ್ಷನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತ.

"ಆ ಓಲೆ ಕೆಳಗಿಡಿ."

"ಯಾಕಪ್ಪಾ? ಕೈ ತೊಳೆದುಕೊಂಡೇ ಮುಟ್ಟಿದ್ದೇನೆ."

"ಅದು ನಿಮ್ಮದಲ್ಲ."

"ನನ್ನದು ಅಂತ ನಾನೆಲ್ಲಿ ಅಂದೆ ತಮ್ಮಾ? ಕೊಟ್ಟರು, ಹಿಡಿದುಕೊಂಡೆ."

ವಿರೂಪಾಕ್ಷ ಗುರುಗಳ ಕಡೆ ತಿರುಗಿದ. "ಗುರುಗಳೇ, ಸತ್ತವನ ಬಟ್ಟೆಯನ್ನು ದಾರಿಹೋಕರಿಗೆ ಕೊಟ್ಟ ಹಾಗೆ ಕೊಟ್ಟುಬಿಟ್ಟಿರಲ್ಲ. ಇದು ನ್ಯಾಯವೇ?"

"ನ್ಯಾಯವಲ್ಲದಿದ್ದರೆ ತೋರಿಸು" ಎಂದರು ಗುರುಗಳು.

ಅವನು ಕವಡೆಗಳನ್ನು ಚಾಪೆಯ ಮೇಲೆ ಎಸೆದು ಹೊರಗೆ ನಡೆದ.

ಮರುದಿನ ಬೆಳಗ್ಗೆ ಗುರುಗಳು ನದಿಯ ಮೆಟ್ಟಿಲ ಮೇಲೆ ಕುಳಿತು ಮಣ್ಣು ಹಚ್ಚಿ ತಂಬಿಗೆ ಉಜ್ಜುತ್ತಿದ್ದರು. ವಿರೂಪಾಕ್ಷ ಬಂದು ಓಲೆಯೊಂದನ್ನು ಮುಂದೆ ಹಿಡಿದ.

"ತಂದಿದ್ದೇನೆ. ಅರವತ್ತೊಂದನೆಯ ಓಲೆ."

"ಓದು."

"ಆಡುವವರು ತೀರಿಕೊಂಡರೆ ಅವರ ಪಾತ್ರವನ್ನು ಬೇರೆ ಯಾರೂ ಆಡಕೂಡದು. ಇಷ್ಟೇ. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ನೀವೇ ನಿಯಮ ಮುರಿದರೆ ನಾವು ಯಾರನ್ನು ಕೇಳಬೇಕು?"

ಗುರುಗಳು ತಂಬಿಗೆಯಿಂದ ತಲೆಯೆತ್ತಲಿಲ್ಲ.

"ತಿರುಗಿಸು" ಎಂದರು.

ವಿರೂಪಾಕ್ಷ ತಿರುಗಿಸಿದ. ಕಾಳಗದ ಓಲೆಗಳ ಹಿಂಬದಿ ಅವನಿಗೆ ಗೊತ್ತಿತ್ತು. ಶಾಪದ್ದು, ವಿಷದ್ದು, ಲೂಟಿಯದ್ದು ಗೊತ್ತಿತ್ತು. ಅರವತ್ತೊಂದನೆಯದರ ಹಿಂಬದಿ ಅವನಿಗೆ ಎಂದೂ ಬೇಕಾಗಿರಲಿಲ್ಲ.

"ಗಟ್ಟಿಯಾಗಿ ಓದು."

ಅವನು ಓದಿದ. "ಹಾಗಾದಲ್ಲಿ, ಆ ಪಾತ್ರದ ಆಪ್ತ ಜೊತೆಗಾರನನ್ನು ಆಡುವವನು, ಆ ಪಾತ್ರ ಹೇಗೆ ಸತ್ತಿತೆಂದು ಎಲ್ಲರೆದುರು ತನ್ನ ಬಾಯಿಂದಲೇ ಹೇಳತಕ್ಕದ್ದು. ಹೇಳಿ, ಅದರ ಓಲೆಯನ್ನು ಅಂದೇ ನದಿಗೆ ಬಿಡತಕ್ಕದ್ದು."

ನೀರು ಮೆಟ್ಟಿಲಿಗೆ ಬಡಿಯುತ್ತಿತ್ತು.

"ನೀನು ಹೇಳಿದ್ದು ಸರಿ" ಎಂದರು ಗುರುಗಳು. "ನಿಯಮ ಮುರಿದದ್ದು ನನ್ನ ತಪ್ಪು. ಹೊನ್ನವ್ವನಿಂದ ಓಲೆ ಹಿಂದಕ್ಕೆ ಪಡೆಯುತ್ತೇನೆ. ಇವತ್ತು ಮಧ್ಯಾಹ್ನ ನೀನು ಹೇಳು."

"ಏನನ್ನು?"

"ಗುಬ್ಬಿರಾಯ ಹೇಗೆ ಸತ್ತನೆಂದು."

ವಿರೂಪಾಕ್ಷನ ಮುಖ ಕೆಂಪಾಯಿತು. "ನನ್ನ ಪಾತ್ರ ಮೂಕ. ಅವನು ಹೇಳಲಾರ."

"ಹೇಳಬೇಕಾದವನು ಆಡುವವನು. ನೀನು ಮೂಕನಲ್ಲ. ನಿನ್ನೆಯಿಂದ ಕೇಳುತ್ತಿದ್ದೇನಲ್ಲ."

"ಆಪ್ತ ಜೊತೆಗಾರ ವಜ್ರಬಾಹುವೇ ಎಂದು ಎಲ್ಲಿ ಬರೆದಿದೆ? ಪಂಪಣ್ಣನ ವೈದ್ಯನೂ ಜೊತೆಗೇ ಇದ್ದ. ಗುಬ್ಬಿರಾಯನಿಗೆ ಎರಡು ಸಲ ಪಥ್ಯ ಬೇಯಿಸಿ ಹಾಕಿದ್ದಾನೆ."

"ಹಾಗಾದರೆ ಪಂಪಣ್ಣನಿಗೆ ಹೇಳಲೇ?"

"ಬೇಡ."

ಆ ಮಾತು ಅವನು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. ದಡದಲ್ಲಿದ್ದ ಕೊಕ್ಕರೆ ಎದ್ದು ಹಾರಿತು.

"ಅವನು ಯಾಕೆ ಸಾಯಬೇಕು, ಗುರುಗಳೇ? ಗೂಟದಲ್ಲಿ ಇದ್ದ. ಯಾರಿಗೂ ಅಡ್ಡವಾಗಿರಲಿಲ್ಲ. ಹಾಗೇ ಇರಲಿ ಬಿಡಿ."

"ಅದು ಎಷ್ಟನೆಯ ಓಲೆಯಲ್ಲಿದೆ?"

ವಿರೂಪಾಕ್ಷ ಎಪ್ಪತ್ತೆರಡು ಓಲೆಗಳನ್ನೂ ಮನಸ್ಸಿನಲ್ಲಿ ಮಗುಚಿ ಹಾಕಿದ. ಕಾಣೆಯಾದ ಪಾತ್ರಕ್ಕೆ ನಿಯಮವಿತ್ತು. ಕಲ್ಲಾದ ಪಾತ್ರಕ್ಕೆ, ಕನಸಿನಲ್ಲಿ ಸಿಕ್ಕಿಬಿದ್ದ ಪಾತ್ರಕ್ಕೆ ಇತ್ತು. ಗೂಟದಲ್ಲಿ ತೂಗುವ ಪಾತ್ರಕ್ಕೆ ಇರಲಿಲ್ಲ.

"ಯಾವುದರಲ್ಲೂ ಇಲ್ಲ" ಎಂದ.

"ಓಲೆಗೆ ಎರಡು ಬದಿ. ಒಂದು ಬೇಕು ಒಂದು ಬೇಡ ಎಂದರೆ ಆಗದು."

"ಯಾರು ಬರೆದರು ಇದನ್ನು?" ಓಲೆಯನ್ನು ಗುರುಗಳ ಮುಖದ ಮುಂದೆ ಹಿಡಿದು ಕೇಳಿದ. "ಮೂಲಗುರುಗಳು ದೊಡ್ಡವರು ಅನ್ನುತ್ತಾರೆ. ದೊಡ್ಡವರಾದರೆ ಇಂಥದ್ದು ಬರೆಯುತ್ತಾರಾ? ಹತ್ತಿರದವನೇ ಸಾಯಿಸಬೇಕಂತೆ, ಅದೂ ಬಾಯಿಬಿಟ್ಟು, ಅದೂ ನಾಲ್ಕು ಜನರ ಮುಂದೆ! ಕಲ್ಲೆದೆಯವರು ಬರೆಯುವ ಮಾತು ಇದು."

"ಆಟ ಊಟದ ಮೇಲೆ" ಎಂದು ಗುರುಗಳು ತಂಬಿಗೆ ತೊಳೆದುಕೊಂಡು ಎದ್ದರು.

ಮಧ್ಯಾಹ್ನ ವಿರೂಪಾಕ್ಷ ಊಟಕ್ಕೆ ಬರಲಿಲ್ಲ. ಆಟಕ್ಕೆ ಬಂದ, ಕುಳಿತುಕೊಳ್ಳಲಿಲ್ಲ.

ಗುಬ್ಬಿರಾಯನ ಓಲೆ ಚಾಪೆಯ ನಡುವೆ ಇತ್ತು. ಹೊನ್ನವ್ವ ಸ್ವಲ್ಪ ಹಿಂದೆ ಸರಿದು ಕುಳಿತಿದ್ದಳು. ಪಂಪಣ್ಣ ಕೂಡ ತಲೆ ತಗ್ಗಿಸಿದ್ದ.

"ಹೇಳು" ಎಂದರು ಗುರುಗಳು.

"ಪಟ್ಟಣದ ಬಾಗಿಲಲ್ಲಿ ನಿಂತಿದ್ದೆವು" ಎಂದು ವಿರೂಪಾಕ್ಷ ಶುರುಮಾಡಿದ. "ಕೋಟೆಯ ಮೇಲಿಂದ ಒಂದು ಬಾಣ ಬಂತು. ಗುಬ್ಬಿರಾಯನಿಗೆ…"

ನಿಲ್ಲಿಸಿದ.

"ಬಾಣ ತಗಲುವುದಿಲ್ಲ. ಅವನು ಯಾವಾಗಲೂ ನನ್ನ ಹಿಂದೆ ನಿಲ್ಲುತ್ತಿದ್ದ."

ವಿರೂಪಾಕ್ಷ ಬೇರೆ ದಾರಿ ಹಿಡಿದ.

"ಕಂದಕಕ್ಕೆ ಬಿದ್ದ. ನೀರು ಆಳವಾಗಿತ್ತು." ಮತ್ತೆ ತಡೆದ. "ಇಲ್ಲ. ನೀರು ಕಂಡರೆ ಹತ್ತು ಮಾರು ದೂರ ನಿಂತು ನನ್ನನ್ನು ಮುಂದೆ ತಳ್ಳುತ್ತಿದ್ದ."

"ವಿಷ ಉಂಡನೇನೋ" ಎಂದ ಪಂಪಣ್ಣ, ಉಪಕಾರ ಮಾಡುವವನಂತೆ.

"ಯಾವಾಗ ಉಂಡ? ನಾನು ಉಣ್ಣುವ ತನಕ ಅವನು ಕೈ ತೊಳೆಯುತ್ತಲೇ ಇರುತ್ತಿದ್ದ. ಎರಡು ವರ್ಷ ಜೊತೆಗೆ ಆಡಿದ್ದೀಯ, ಅಷ್ಟು ಗೊತ್ತಿಲ್ಲವೇ ನಿನಗೆ?"



ವಿರೂಪಾಕ್ಷ ಇನ್ನೊಂದು ಸಾವು ಹುಡುಕಿದ. ಅದೂ ಹೊಂದಲಿಲ್ಲ. ಕಾಳಗದಲ್ಲಿ ಸಾಯಲು ಗುಬ್ಬಿರಾಯ ಕಾಳಗಕ್ಕೇ ಇಳಿಯುತ್ತಿರಲಿಲ್ಲ. ಬೆಟ್ಟದಿಂದ ಬೀಳಲು ಬೆಟ್ಟ ಹತ್ತುತ್ತಿರಲಿಲ್ಲ. ಧೈರ್ಯಕ್ಕೆ ಒಂದೇ ಗುಲಗಂಜಿ ಇಟ್ಟ ಆ ಅಂಜುಬುರುಕನನ್ನು ಸಾಯಿಸಲು ದಾರಿಯೇ ಇರಲಿಲ್ಲ.

ಹೊನ್ನವ್ವ ಕೆಮ್ಮಿದಳು.

"ತಮ್ಮಾ, ಬೇಸರ ಮಾಡಿಕೊಳ್ಳಬೇಡ. ನಿನ್ನೆ ನೀನು ಎದ್ದು ಹೋದ ಮೇಲೆ ನಾವು ಇನ್ನೊಂದಿಷ್ಟು ಆಡಿದೆವು. ಆ ಹೊಸ್ತಿಲಲ್ಲಿ ನಾಯಿ ಮಲಗಿತ್ತಲ್ಲ, ನಾನು ಅದರ ತಲೆ ಸವರಿ ಒಂದು ರೊಟ್ಟಿ ಹಾಕಿದೆ. ಈಗ ಅದು ನಮ್ಮ ಕಾಲ ಬಳಿಯೇ ನಿಂತಿದೆ. ಅದೇ ಏನಾದರೂ ಕಚ್ಚಿತು ಅಂದರೆ…"

"ತಲೆ ಸವರಿದಿರಾ?"

"ಹೂಂ."

"ಗುಬ್ಬಿರಾಯ? ನಾಯಿಯ ತಲೆಯನ್ನು?"

"ಹೂಂ ಅಪ್ಪಾ. ಪಾಪದ್ದು ಅದು."

ವಿರೂಪಾಕ್ಷನಿಗೆ ನಿನ್ನೆಯ ಸಿಟ್ಟು, ಬೆಳಗಿನ ಸಿಟ್ಟು, ಮೂರು ತಿಂಗಳ ಸಿಟ್ಟು ಎಲ್ಲ ಒಟ್ಟಿಗೇ ಬಂತು.

"ಅವನು ನಾಯಿಗೆ ಹೆದರುತ್ತಾನೆ! ನಾಯಿಮರಿಗೂ ಹೆದರುತ್ತಾನೆ! ಒಂದು ಸಲ ಸ್ಮಶಾನದ ದಾರಿಯಲ್ಲಿ ಬೊಗಳಿದ್ದು ಕೇಳಿ ವಜ್ರಬಾಹುವಿನ ಹೆಗಲೇರಿ ಕುಳಿತವನು ಎರಡು ಊರು ದಾಟುವ ತನಕ ಇಳಿಯಲಿಲ್ಲ. ಅವನು ರೊಟ್ಟಿ ಹಾಕುತ್ತಾನಂತೆ! ಅಷ್ಟೂ ಗೊತ್ತಿಲ್ಲದೆ ಅವನನ್ನು ಆಡಲು ಕುಳಿತಿರಲ್ಲ!"

"ಓಲೆಯಲ್ಲಿ ಬರೆದಿಲ್ಲವಲ್ಲ ತಮ್ಮಾ. ಮಾತು ಹನ್ನೆರಡು, ಬಲ ಒಂದು, ಅಷ್ಟೇ ಇದೆ."

"ಓಲೆಯಲ್ಲಿ ಬರೆಯುವಂಥದ್ದಲ್ಲ ಅದು!"

"ಹಾಗಾದರೆ ನನಗೆ ಗೊತ್ತಾಗುವುದು ಹೇಗೆ?"

ವಿರೂಪಾಕ್ಷ ಚಾಪೆಯ ಹತ್ತಿರಕ್ಕೆ ಒಂದು ಹೆಜ್ಜೆ ಬಂದ.

"ಮತ್ತೆ ಇನ್ನೇನಕ್ಕೆ ಹೆದರುತ್ತಾನೆ ಅವನು?" ಎಂದು ಹೊನ್ನವ್ವ ಕೇಳಿದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

"ಗುಡುಗಿಗೆ" ಎಂದ ವಿರೂಪಾಕ್ಷ ಸಿಟ್ಟಿನಲ್ಲೇ. "ಗೂಬೆಗೆ. ಬಾವಿಗೆ. ಯಾರಾದರೂ ತುಂಬ ಮರ್ಯಾದೆ ಕೊಟ್ಟು ಮಾತಾಡಿಸಿದರೆ ಅದಕ್ಕೂ."

"ಕದಿಯುವಾಗ?"

"ಕದಿಯುವಾಗ ಹೆದರುವುದಿಲ್ಲ. ಆದರೆ ಯಾವತ್ತೂ ಪೂರ್ತಿ ಕದಿಯುವುದಿಲ್ಲ. ಹತ್ತು ಇದ್ದರೆ ಎರಡು ಬಿಟ್ಟು ಬರುತ್ತಾನೆ. ಬೆಳಗ್ಗೆ ಎದ್ದಾಗ ಅವರಿಗೆ ತೀರಾ ಬೇಜಾರಾಗಬಾರದಂತೆ."

"ಎಂಥ ಕಳ್ಳನಪ್ಪಾ ಇವನು!"

"ನಾನೂ ಅದನ್ನೇ ಹೇಳುತ್ತಿದ್ದೆ."

ವಿರೂಪಾಕ್ಷ ಯಾವಾಗ ಕುಳಿತನೋ ಅವನಿಗೇ ತಿಳಿಯದು. ಹೊನ್ನವ್ವ ಕೇಳುತ್ತಾ ಹೋದಳು. ಅವನು ಗದರುತ್ತಾ ಹೇಳುತ್ತಾ ಹೋದ. ಅವಳು ತಪ್ಪು ಹೇಳಿದಲ್ಲೆಲ್ಲ ತಿದ್ದಿದ. ಇಷ್ಟು ದಪ್ಪ ದನಿಯಲ್ಲ, ಅಂದ. ನಡೆಯುವಾಗ ಬಲಗಾಲು ಮೊದಲು, ಅಂದ. ನಡುವೆ ಒಮ್ಮೆ, "ನಾನು ಒಪ್ಪಿದೆ ಅಂದುಕೊಳ್ಳಬೇಡಿ" ಅಂದ.

"ಅಂದುಕೊಂಡಿಲ್ಲ, ಮುಂದೆ ಹೇಳು" ಎಂದಳು ಅವಳು.

ಅವಳು ಕೈ ಚಾಚಿ ಚಾಪೆಯ ನಡುವಿನ ಓಲೆಯನ್ನು ಎತ್ತಿಕೊಂಡದ್ದನ್ನು ಎಲ್ಲರೂ ನೋಡಿದರು. ವಿರೂಪಾಕ್ಷನೂ ನೋಡಿದ.

ಗುರುಗಳು ಕಥೆ ಮುಂದುವರಿಸಿದರು. "ನಿನ್ನೆ ಕಾವಲುಗಾರ ಎತ್ತಿನ ಮಾತು ನಂಬಲಿಲ್ಲ. ಈಟಿ ಇನ್ನೂ ಅಡ್ಡವೇ ಇದೆ. ಮತ್ತೆ ಕೇಳುತ್ತಾನೆ: ಯಾರು ಈ ದೈತ್ಯ?"

ಹೊನ್ನವ್ವ ವಿರೂಪಾಕ್ಷನ ಕಡೆ ಬಾಗಿ ಮೆಲ್ಲಗೆ ಕೇಳಿದಳು. "ಇಂಥ ಕಡೆ ಗುಬ್ಬಿರಾಯ ಏನನ್ನುತ್ತಿದ್ದ?"

ವಿರೂಪಾಕ್ಷ ಹೇಳಿಕೊಟ್ಟ.

"ಯಾವ ಊರಿನ ಬಾಗಿಲಲ್ಲಿ ಕೇಳಿದರೂ ಒಂದೇ ಮಾತು. ಇವನು ನನ್ನ ತಮ್ಮ, ಅನ್ನುತ್ತಿದ್ದ. ನಾವು ಅವಳಿಜವಳಿ, ಹೊಟ್ಟೆಯಲ್ಲಿದ್ದಾಗ ನನ್ನ ಪಾಲಿನದನ್ನೂ ಇವನೇ ತಿಂದ, ಇವನ ಪಾಲಿನ ಮಾತನ್ನೂ ನಾನೇ ಆಡುತ್ತೇನೆ, ಅನ್ನುತ್ತಿದ್ದ."

ಹೊನ್ನವ್ವ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ದನಿ ಸ್ವಲ್ಪ ತೆಳ್ಳಗೆ ಮಾಡಿಕೊಂಡಳು. ಆ ಮಾತುಗಳನ್ನು ಒಂದೂ ಬಿಡದೆ ಕಾವಲುಗಾರನಿಗೆ ಹೇಳಿದಳು.

ಕವಡೆ ಬಿಟ್ಟರು. ಈಟಿ ಸರಿಯಿತು. ಅವರು ಒಳಗೆ ಹೋದರು.

ಸಂಜೆ ಗುರುಗಳು ನದಿಯ ಮೆಟ್ಟಿಲ ಮೇಲೆ ಒಬ್ಬರೇ ಕುಳಿತಿದ್ದರು. ವಿರೂಪಾಕ್ಷ ಅರವತ್ತೊಂದನೆಯ ಓಲೆಯನ್ನು ಹಿಡಿದು ಬಂದ. ಎರಡು ಮೆಟ್ಟಿಲು ಮೇಲೆಯೇ ನಿಂತ.

"ನಾನು ನಿಯಮ ಮುರಿದೆ, ಗುರುಗಳೇ. ಎರಡು ಬದಿಯನ್ನೂ."

"ಹೌದು."

"ಏನು ಶಿಕ್ಷೆ?"

"ನಿನಗೆ ತಿಳಿಯದ ಓಲೆ ಇದೆಯೇ? ಎಷ್ಟನೆಯದರಲ್ಲಿದೆ ಹೇಳು, ಕೊಡೋಣ."

"ಯಾವುದರಲ್ಲೂ ಇಲ್ಲ."

"ಹಾಗಾದರೆ ಇಲ್ಲ."

ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದು ಈಗ ಹೊನ್ನವ್ವನ ಮೇಲೆ ಇರಲಿಲ್ಲ, ಗುರುಗಳ ಮೇಲೂ ಇರಲಿಲ್ಲ.

"ಒಂದು ಮಾತು ಹೇಳಿಬಿಡುತ್ತೇನೆ. ತಪ್ಪಾದರೆ ಆಶ್ರಮದಿಂದ ಹೊರಗೆ ಹಾಕಿ. ಮೂಲಗುರುಗಳು ಬರೆದಿರಲಿ, ಸಾಕ್ಷಾತ್ ದೇವರೇ ಬರೆದಿರಲಿ, ಈ ನಿಯಮ ತಪ್ಪು. ಬರೆದವರು ಜೊತೆಗಾರನನ್ನು ಕಳೆದುಕೊಂಡವರಲ್ಲ. ಕಳೆದುಕೊಂಡಿದ್ದರೆ ಬರೆಯುವ ಕಂಟ ಹಿಡಿಯಲು ಕೈಯೇ ಬರುತ್ತಿರಲಿಲ್ಲ."

ಗುರುಗಳು ಕೈ ಚಾಚಿದರು. ಅವನು ಓಲೆ ಕೊಟ್ಟ.

ಅವರು ಅದನ್ನು ಓದಲಿಲ್ಲ. ಹಿಂಬದಿಯ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಮೂಲಗುರುಗಳು ಬರೆದದ್ದು ಅರವತ್ತು ಓಲೆ" ಎಂದರು.

ವಿರೂಪಾಕ್ಷ ಒಂದು ಮೆಟ್ಟಿಲು ಇಳಿದ.

"ಮತ್ತೆ ಇದು?"

"ಇದು ನಾನು ಬರೆದದ್ದು. ಜೊತೆಗಾರ ತೀರಿಕೊಂಡ ವರ್ಷ. ಆಗ ನನಗೆ ಹತ್ತೊಂಬತ್ತು."